ರೊಟ್ಟಿ ಗಾಡಿಗೆ ಬೆಳಿಗ್ಗೆ ಹೊತ್ತು ಕಿಡಿ ಬರುತ್ತಿರಲಿಲ್ಲ

ಬ್ಯಾಟರಿ ಇಳಿದುಹೋಗಿರಬಹುದು. ಬ್ಯಾಟರಿ ಚೆನ್ನಾಗಿದ್ದು ಅದರ ಟರ್ಮಿನಲ್ಲಿಗೆ ಹಸಿರು ಪುಡಿ ಹಿಡಿದಿರಬಹುದು. ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಸಡಿಲವಾಗಿರಬಹುದು. ಕೀ ತಿರುಗಿಸುವ ಸ್ವಿಚ್ಚಿನೊಳಗೆ ತಾಮ್ರ ಸವೆದಿರಬಹುದು, ಫ್ಯೂಸ್ ಪೆಟ್ಟಿಗೆಯೊಳಗೆ ನೀರು ಕೂತಿರಬಹುದು, ಯಾವುದೋ ವೈರನ್ನು ಇಲಿ ಕಡಿದಿರಬಹುದು. ಡಿಸ್ಟ್ರಿಬ್ಯೂಟರ್ ಮುಚ್ಚಳಕ್ಕೆ ಕೂದಲೆಳೆಯಷ್ಟು ಬಿರುಕು ಬಿದ್ದಿರಬಹುದು. ಅದರೊಳಗಿನ ರೋಟರ್ ಸುಟ್ಟಿರಬಹುದು. ಇಗ್ನೈಟರ್ ಎಂಬ ಪುಟ್ಟ ಡಬ್ಬಿ ಬಿಸಿಯಾದಾಗ ಮಾತ್ರ ಕೆಲಸ ನಿಲ್ಲಿಸುತ್ತಿರಬಹುದು, ಅಥವಾ ತಣ್ಣಗಿದ್ದಾಗ ಮಾತ್ರ. ನಾನು ಹಾಕಿದ ಹೊಸ ಕಾಯಿಲ್ ನಕಲಿ ಇರಬಹುದು. ಕಾಯಿಲ್ ಅಸಲಿಯೇ ಇದ್ದು, ಅದನ್ನು ಹಾಕಿದ ಮೆಕ್ಯಾನಿಕ್ಕೇ ನಕಲಿ ಇರಬಹುದು.

ಇಷ್ಟನ್ನೂ ನಾನು ಇಟ್ಟಮಡುವಿನ ನನ್ನ ಗ್ಯಾರೇಜಿನಿಂದ ಬನಶಂಕರಿ ಮೂರನೇ ಹಂತಕ್ಕೆ ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ದೂರ ಹೆಚ್ಚಿಲ್ಲ, ಸಿಗ್ನಲ್ ದೊಡ್ಡದು. ಚಿಂತೆ ಮಾಡುವುದರಲ್ಲಿ ನನ್ನ ಸರ್ವೀಸು ಗಾಡಿ ರಿಪೇರಿಯಲ್ಲಿರುವುದಕ್ಕಿಂತ ಹಳೆಯದು. ಗಾಡಿ ಕೆಟ್ಟರೆ ಏನು ಕೆಟ್ಟಿದೆ ಎಂದು ಚಿಂತೆ, ಸರಿಹೋದರೆ ಯಾಕೆ ಸರಿಹೋಯಿತು ಎಂದು ಚಿಂತೆ. ಈ ಎರಡನೆಯ ಚಿಂತೆಯನ್ನು ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾಡಿದ್ದರೆ ಈ ಕಥೆ ಎರಡೇ ದಿನದಲ್ಲಿ ಮುಗಿಯುತ್ತಿತ್ತು.

ಗಾಡಿ ಒಂದು ಹಳೆಯ ಪೆಟ್ರೋಲ್ ಪಿಕಪ್. ಡೀಸೆಲ್ ಪಿಕಪ್ಪುಗಳೇ ತುಂಬಿರುವ ಊರಲ್ಲಿ ಅಪರೂಪದ ಜಾತಿ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ, ಇದಕ್ಕೆ ಬೇಕು. ಬ್ಯಾಟರಿಯಿಂದ ಬರುವ ಸಣ್ಣ ಕರೆಂಟನ್ನು ಕಾಯಿಲ್ ದೊಡ್ಡದು ಮಾಡುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಪಂಕ್ತಿಯಲ್ಲಿ ಬಡಿಸುವವರ ಹಾಗೆ ನಾಲ್ಕು ಪ್ಲಗ್ಗಿಗೂ ಸರತಿಯಲ್ಲಿ ಹಂಚುತ್ತದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿದರೆ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಹಾರದಿದ್ದರೆ ಇಂಜಿನ್ ತಿರುಗಿಸುವ ಸೆಲ್ಫ್ ಮೋಟರು ಗೊರಗೊರ ಎಂದು ಅಳುತ್ತದೆ, ಅಷ್ಟೇ.

ಗಾಡಿಯ ಒಡೆಯರು ಗಂಡ ಹೆಂಡತಿ, ಗದಗಿನ ಕಡೆಯವರು. ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಮನೆಯ ಕೆಳಗಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ಮಾಡಿಸುತ್ತಾರೆ. ನಾಲ್ಕಾರು ಹೆಣ್ಣುಮಕ್ಕಳು ಕೂತು ರೊಟ್ಟಿ ತಟ್ಟುವ ಸದ್ದು ಬೀದಿಯ ಆ ತುದಿಗೇ ಕೇಳುತ್ತದೆ. ಯಜಮಾನರು ಪಿಕಪ್ ಓಡಿಸಿ ಅದನ್ನು ಜಯನಗರ, ಜೆ.ಪಿ. ನಗರದ ಅಂಗಡಿಗಳಿಗೆ ಹಾಕುತ್ತಾರೆ. ಎಲ್ಲಕ್ಕಿಂತ ದೊಡ್ಡ ಗಿರಾಕಿ ಬಿಟಿಎಂ ಲೇಔಟಿನ ಒಂದು ಪಿಜಿ. ಅಲ್ಲಿರುವವರೆಲ್ಲ ಉತ್ತರ ಕರ್ನಾಟಕದ ಹುಡುಗರು. ಬೆಳಿಗ್ಗೆ ಡಬ್ಬಿಗೆ ರೊಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಅವರು ಹೊರಡುವ ಮೊದಲು ರೊಟ್ಟಿ ತಲುಪಬೇಕು. ಆಮೇಲೆ ತಲುಪಿದ ರೊಟ್ಟಿ ಹಪ್ಪಳಕ್ಕೆ ಸಮ. ಆ ಪಿಜಿ ಕೈಬಿಟ್ಟರೆ ಶೆಡ್ಡಿನಲ್ಲಿ ಅರ್ಧ ಒಲೆ ಆರಿಸಬೇಕು ಎಂದು ಅಕ್ಕ ನನಗೆ ಮೊದಲೇ ಹೇಳಿದ್ದರು.

ಶುರುವಾಗಿದ್ದು ನ್ಯಾಯವಾಗಿಯೇ. ಹಳೆಯ ಕಾಯಿಲ್ ನಿಜಕ್ಕೂ ಸತ್ತಿತ್ತು. ಮೀಟರ್ ಇಟ್ಟು ನೋಡಿದೆ, ಒಳಗಿನ ಸುರುಳಿ ತುಂಡಾಗಿತ್ತು. ಜೆ.ಸಿ. ರಸ್ತೆಗೆ ಹೋಗಿ ಹೊಸದು ತಂದು, ಅವರ ಮನೆ ಮುಂದೆಯೇ ಅವರಿಬ್ಬರ ಎದುರಲ್ಲೇ ಹಾಕಿದೆ. ಒಂದೇ ಸೆಲ್ಫಿಗೆ ಗಾಡಿ ಎದ್ದು ಕೂತಿತು. ಅಕ್ಕ ಎರಡು ರೊಟ್ಟಿ, ಎಣ್ಣೆಗಾಯಿ ಕೊಟ್ಟು ಕಳಿಸಿದರು. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಫೋನು ಬಂತು.

"ಏನ್ರಿ ಡಾಕ್ಟ್ರೇ, ನಿನ್ನೆ ಆಪರೇಷನ್ ಮಾಡಿದ ಪೇಶೆಂಟ್ ಇವತ್ತ ಕಣ್ಣ ಬಿಡವಲ್ದು!"

ಯಜಮಾನರು ನನ್ನನ್ನು ಕರೆಯುವುದೇ ಹಾಗೆ. ಆರಂಭದಲ್ಲಿ ಅದರಲ್ಲಿ ಗೌರವ ಇತ್ತು.

ನಾನು ಹೋಗುವಷ್ಟರಲ್ಲಿ ಅವರು ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನು ಸುಸ್ತು ಮಾಡಿ, ರೊಟ್ಟಿಯನ್ನು ಆಟೋದಲ್ಲಿ ತುಂಬಿಸಿ ಕಳಿಸಿ, ಗೇಟಿನ ಹತ್ತಿರ ಕೂತಿದ್ದರು. ಪ್ಲಗ್ಗು ಬಿಚ್ಚಿದೆ. ನಾಲ್ಕೂ ಪೆಟ್ರೋಲಿನಲ್ಲಿ ತೊಯ್ದಿದ್ದವು, ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಕೆಲಸ ಶುರು ಮಾಡುವ ಮೊದಲು ಮುಟ್ಟುವ ಸಾಮಾನನ್ನೆಲ್ಲ ಬನಿಯನ್ ಬಟ್ಟೆಯಲ್ಲಿ ಒರೆಸಿಕೊಳ್ಳುವುದು ನನ್ನ ಅಭ್ಯಾಸ. ಆ ಮನೆಯಲ್ಲಂತೂ ಜೋಳದ ಹಿಟ್ಟು ಗಾಳಿಯಲ್ಲೇ ಇರುತ್ತದೆ. ಗಾಡಿಯ ಡ್ಯಾಶ್‌ಬೋರ್ಡು, ಸೀಟು, ಬಾನೆಟ್ಟಿನ ಒಳಗು, ಎಲ್ಲದರ ಮೇಲೂ ತೆಳ್ಳಗೆ ಬಿಳಿ. ಒರೆಸಿದೆ, ಪ್ಲಗ್ಗು ಒಣಗಿಸಿದೆ, ಕಾಯಿಲ್ಲಿನ ಎರಡು ಪುಟ್ಟ ಟರ್ಮಿನಲ್ಲಿನ ವೈರುಗಳನ್ನು ಬಿಚ್ಚಿ ಬಿಗಿಯಾಗಿ ಕೂರಿಸಿದೆ. ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟು ತಂದಿದ್ದ ಇನ್ನೊಂದು ಬ್ಯಾಟರಿಯ ಬೆಂಬಲ ಕೊಟ್ಟು ಸೆಲ್ಫ್ ಹೊಡೆಸಿದೆ. ಗಾಡಿ ಬಂತು.

"ಲೂಸ್ ಕಾಂಟ್ಯಾಕ್ಟು," ಅಂದೆ. ನಮ್ಮ ವೃತ್ತಿಯಲ್ಲಿ ಅದು ಡಾಕ್ಟರುಗಳ 'ವೈರಲ್ ಜ್ವರ' ಇದ್ದ ಹಾಗೆ.

ಮರುದಿನ ಬೆಳಿಗ್ಗೆ ಮತ್ತೆ ಫೋನು. ಈ ಸಲ ನಾನೇ, ಗಾಡಿಯನ್ನು ಗ್ಯಾರೇಜಿಗೆ ಎಳೆಸಿಕೊಂಡು ಬನ್ನಿ ಅಂದೆ. ಯಾರದೋ ಟೆಂಪೋಗೆ ಹಗ್ಗ ಕಟ್ಟಿ ತಂದರು. ಬಾನೆಟ್ ಎತ್ತಿ, ಒರೆಸಿ, ಪ್ಲಗ್ಗೊಂದನ್ನು ಹೊರಗೆ ತೆಗೆದು ಇಂಜಿನ್ನಿಗೆ ತಾಗಿಸಿ ಇಟ್ಟು, ಸೆಲ್ಫ್ ಹೊಡೆಯಿರಿ ಅಂದೆ. ಟಪ್ ಟಪ್ ಟಪ್ ಎಂದು ದಪ್ಪ ನೀಲಿ ಕಿಡಿ. ಸಿಕ್ಕಿಬಿದ್ದ ಕಳ್ಳ ಸ್ಟೇಷನ್ನಿನಲ್ಲಿ ನಮಸ್ಕಾರ ಹೇಳಿದ ಹಾಗೆ.

ಸರಿಯಿರುವಾಗ ಗಾಡಿಯಲ್ಲಿ ತಪ್ಪು ಹುಡುಕುವುದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡಿದವರಿಗೇ ಗೊತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದು ಬಿರುಕು ಹುಡುಕಿದೆ. ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಚಿಂತೆ ಮಾಡುವವನ ಕಣ್ಣಿಗೆ ಯಾವ ಮುಚ್ಚಳದಲ್ಲೂ ಬಿರುಕು ಕಾಣುತ್ತದೆ. ಮುಚ್ಚಳ, ರೋಟರ್ ಎರಡನ್ನೂ ಬದಲಿಸಿದೆ.

ಅದರ ಮರುದಿನ ಭಾನುವಾರ. ರೊಟ್ಟಿ ಇಲ್ಲ, ಶೆಡ್ಡಿಗೆ ರಜೆ. ಹತ್ತು ಗಂಟೆಗೆ ನಾನೇ ತಡೆಯಲಾರದೆ ಫೋನ್ ಮಾಡಿದೆ. ಯಜಮಾನರು ಲುಂಗಿಯಲ್ಲೇ ಹೋಗಿ ಕೀ ತಿರುಗಿಸಿದರು. ಫೋನಿನಲ್ಲೇ ಇಂಜಿನ್ನಿನ ಸದ್ದು ಕೇಳಿಸಿದರು. ನಾನು ಮನೆಯಲ್ಲಿ ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಸೋಮವಾರ ಬೆಳಿಗ್ಗೆ ಗೊರಗೊರ.

ಅಲ್ಲಿಂದ ಮುಂದೆ ನಾನು ಪದ್ಧತಿ ಹಿಡಿದೆ. ಇದುವರೆಗೆ ಅಂದಾಜಿನಲ್ಲಿ ಹೊಡೆದೆ, ಇನ್ನು ಒಂದೊಂದಾಗಿ ತಳ್ಳಿಹಾಕುತ್ತೇನೆ ಎಂದು ಹಟ ಬಂತು. ಅಂದೇ ಅವರ ಮನೆ ಮುಂದೆ ಕೂತು, ಕೀ ಆನ್ ಮಾಡಿ ಕಾಯಿಲ್ಲಿಗೆ ಹನ್ನೆರಡು ವೋಲ್ಟ್ ಬರುತ್ತಿದೆಯೇ ನೋಡಿದೆ: ಬರುತ್ತಿತ್ತು. ಕಾಯಿಲ್ಲಿನ ಇನ್ನೊಂದು ಬದಿಗೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ ಸೆಲ್ಫ್ ಹೊಡೆಸಿದೆ. ದೀಪ ಮಿಣಕ್ ಮಿಣಕ್ ಎಂದಿತು, ಅಂದರೆ ಇಗ್ನೈಟರ್ ಕಾಯಿಲ್ಲಿಗೆ ಸರಿಯಾಗಿ ಆಜ್ಞೆ ಕೊಡುತ್ತಿದೆ. ಆದರೂ ಅದನ್ನು ಬದಲಿಸಿದೆ. ಯಾಕೆ ಬದಲಿಸಿದೆ? ರಾತ್ರಿ ನಿದ್ದೆ ಬರಲಿ ಅಂತ. ಕೀ ಸ್ವಿಚ್ಚಿನ ಮೇಲೂ ನಂಬಿಕೆ ಸಾಲದೆ ಬ್ಯಾಟರಿಯಿಂದ ಕಾಯಿಲ್ಲಿಗೆ ನೇರವಾಗಿ ಒಂದು ವೈರು ಎಳೆದು, ಮಧ್ಯೆ ಒಂದು ಸ್ವಿಚ್ಚು ಕೂರಿಸಿದೆ. ಅರ್ತಿಗೆ ಹೆಬ್ಬೆರಳು ದಪ್ಪದ ಕೇಬಲ್ ಹಾಕಿದೆ. ಗಾಡಿ ಸ್ಟಾರ್ಟ್ ಆಯಿತು. ನಾನು ಮುಟ್ಟಿದ ಮೇಲೆ ಅದು ಸ್ಟಾರ್ಟ್ ಆಗದ ದಿನವೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಗಾಡಿ ಮತ್ತೆ ಸತ್ತಿತ್ತು. ನಾನು ಅಲ್ಲಿಗೆ ಹೋದಾಗ ಯಜಮಾನರು ಪಿಜಿಯ ಮ್ಯಾನೇಜರ್ ಜೊತೆ ಫೋನಿನಲ್ಲಿದ್ದರು. ಸ್ಪೀಕರ್ ಹಾಕಿದ್ದರು, ನನಗೂ ಕೇಳಲಿ ಅಂತಲೇ ಇರಬೇಕು.

"ಅಂಕಲ್, ನಿಮ್ ರೊಟ್ಟಿ ಸಖತ್ತಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಹುಡುಗ್ರು ಡಬ್ಬಿ ಇಲ್ದೆ ಹೋಗಿ ಸಂಜೆ ಬಂದು ನನ್ನ ತಲೆ ತಿಂತಾರೆ. ಪುಟ್ಟೇನಹಳ್ಳಿಯವರೊಬ್ಬರು ಕೊಡ್ತೀನಿ ಅಂತಿದಾರೆ. ನಾಳೆನೂ ಲೇಟಾದ್ರೆ ನಾನು ಅವ್ರಿಗೆ ಹೇಳ್ಬಿಡ್ತೀನಿ. ಬೇಜಾರ್ ಮಾಡ್ಕೋಬೇಡಿ."

"ಇಲ್ಲಪಾ, ನಾಳೆ ಬರ್ತೈತಿ. ಹೊತ್ತಿಗೆ ಬರ್ತೈತಿ," ಅಂದರು ಯಜಮಾನರು. ಆಟೋದವನಿಗೆ ಹೇಳಿಬಿಡಬಹುದಲ್ಲ ಅಂದೆ. ಆ ಹೊತ್ತಿನಲ್ಲಿ ಹೊರಡುವ ಆಟೋ ಹುಡುಕುವಷ್ಟರಲ್ಲೇ ತಡವಾಗುತ್ತಿದೆ, ಹೇಳಿಟ್ಟವರು ಬರುವುದಿಲ್ಲ, ಬಂದರೂ ಒಂದು ಆಟೋದಲ್ಲಿ ಅಷ್ಟೂ ರೊಟ್ಟಿ ಹಿಡಿಸುವುದಿಲ್ಲ, ಒತ್ತಿ ಇಟ್ಟರೆ ಮುರಿಯುತ್ತದೆ. ಇದೆಲ್ಲವನ್ನೂ ಅಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಬಾನೆಟ್ ಎತ್ತಿ ಒರೆಸಿ, ಅದನ್ನೂ ಇದನ್ನೂ ಅಲ್ಲಾಡಿಸಿದೆ. ಹೊಸದಾಗಿ ಏನೂ ಹಾಕಲಿಲ್ಲ. ಹಾಕಲು ಏನೂ ಉಳಿದಿರಲಿಲ್ಲ. ಸೆಲ್ಫ್ ಹೊಡೆದರು. ಗಾಡಿ ಬಂತು.

ಯಜಮಾನರು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದರು. "ನಿಮ್ಮ ಕೈಗುಣ ಭಾಳ ಚಲೋ ಐತ್ರಿ ಡಾಕ್ಟ್ರೇ. ಮುಟ್ಟಿದ್ರ ಸಾಕು, ಏಳ್ತೈತಿ. ನೀವು ಒಂದ್ ಕೆಲಸ ಮಾಡ್ರಿ, ದಿನಾ ಮುಂಜಾನೆ ಬಂದು ಇದರ ಮೈ ದಡವಿ ಹೋಗ್ರಿ."

ಅಕ್ಕ ನಕ್ಕರು. ನಾನೂ ನಕ್ಕೆ. ಸ್ಕೂಟರ್ ಹತ್ತಿ ಕಾಮಾಕ್ಯ ಬಸ್ ಸ್ಟಾಪಿನ ಕಡೆ ತಿರುಗುವಾಗ ನಗು ನಿಂತಿತು.

ಆ ದಿನವೆಲ್ಲ ಬೇರೆ ಗಾಡಿಗಳ ಅಡಿಯಲ್ಲಿ ಮಲಗಿಕೊಂಡು ಅದೇ ಮಾತನ್ನು ತಿರುವಿಹಾಕಿದೆ. ಒಂದು ದಿನ ಟರ್ಮಿನಲ್, ಒಂದು ದಿನ ಮುಚ್ಚಳ, ಒಂದು ದಿನ ಇಗ್ನೈಟರ್, ಇವತ್ತು ಏನೂ ಇಲ್ಲ. ನಾಲ್ಕು ಬೇರೆ ಬೇರೆ ಕೆಲಸ, ಫಲ ಒಂದೇ. ಹಾಗಾದರೆ ನಾನು ಬದಲಿಸಿದ ಸಾಮಾನುಗಳಿಗೂ ಗಾಡಿ ಏಳುವುದಕ್ಕೂ ಸಂಬಂಧ ಇಲ್ಲ. ನಾನು ಪ್ರತಿ ಸಲ ತಪ್ಪದೆ ಮಾಡುವುದು ಇನ್ನೇನೋ ಇದೆ, ಅದೇ ಗಾಡಿಯನ್ನು ಎಬ್ಬಿಸುತ್ತಿದೆ. ಬಾನೆಟ್ ಎತ್ತುತ್ತೇನೆ. ಒರೆಸುತ್ತೇನೆ. ವೈರು ಅಲ್ಲಾಡಿಸುತ್ತೇನೆ. ತಡವಾಗಿ ಹೋಗುತ್ತೇನೆ, ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಇದರಲ್ಲಿ ಒಂದು.

ಊಟ ಮಾಡುವಾಗ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಾ, "ನೀವು ಮುಟ್ಟಿದ್ರೆ ಸರಿಹೋಗತ್ತೆ ಅನ್ನೋದು ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಇದೇ ಮೊದ್ಲು. ಈ ಮನೆ ಮಿಕ್ಸಿನೂ ಸ್ವಲ್ಪ ಮುಟ್ಟಿ," ಅಂದಳು.

ಮಿಕ್ಸಿಯ ವಿಷಯ ಬೇರೆ. ಆದರೆ ಅಲ್ಲಿಯೇ, ಕೈ ತಟ್ಟೆಯಲ್ಲಿರುವಾಗಲೇ ತೀರ್ಮಾನ ಮಾಡಿದೆ. ನಾಳೆ ಅವರು ಗಾಡಿ ಮುಟ್ಟುವ ಮೊದಲೇ ಹೋಗುವುದು. ಯಾವ ಸಾಮಾನೂ ಒಯ್ಯುವುದಿಲ್ಲ. ಏನೂ ಒರೆಸುವುದಿಲ್ಲ, ಏನೂ ಅಲ್ಲಾಡಿಸುವುದಿಲ್ಲ. ಅದು ಸಾಯುವುದನ್ನು ಕಣ್ಣಾರೆ ನೋಡುವುದು. ಇದು ನನ್ನಂಥವನಿಗೆ ಸುಲಭದ ತೀರ್ಮಾನ ಅಲ್ಲ. ಕೆಟ್ಟಿರುವ ಗಾಡಿಯ ಮುಂದೆ ಕೈ ಕಟ್ಟಿ ನಿಲ್ಲುವ ಮೆಕ್ಯಾನಿಕ್ಕನ್ನು ಯಾರಾದರೂ ನೋಡಿದರೆ ಏನಂದುಕೊಳ್ಳುತ್ತಾರೆ? ಅಲ್ಲದೆ ನಾನು ಸುಮ್ಮನೆ ನಿಂತು, ರೊಟ್ಟಿ ತಡವಾಗಿ, ಪಿಜಿ ಕೈಬಿಟ್ಟುಹೋದರೆ? ಮುಟ್ಟಿದ್ದರೆ ಹೋಗುತ್ತಿತ್ತಲ್ಲ ಎನ್ನುವ ಮಾತು ಜೀವನವಿಡೀ ಕಿವಿಯಲ್ಲಿ ಉಳಿಯುತ್ತದೆ. ಆದರೆ ಮುಟ್ಟಿ ಎಬ್ಬಿಸಿದರೆ ಆ ಒಂದು ದಿನ ಮಾತ್ರ ಉಳಿಯುತ್ತದೆ, ಗುರುವಾರ ಮತ್ತೆ ಅದೇ ಗೊರಗೊರ. ಬನಿಯನ್ ಬಟ್ಟೆಯನ್ನು ಜೇಬಿನಿಂದ ತೆಗೆದು ಮನೆಯಲ್ಲೇ ಇಟ್ಟೆ. ಬದಲಿಗೆ ಬೀರುವಿನ ಮೇಲಿದ್ದ ಹಳೆಯ ಕರಿ ಕಂಬಳಿ ಎತ್ತಿಕೊಂಡೆ.

ಬುಧವಾರ ಇನ್ನೂ ಬೆಳಕು ಹರಿಯುತ್ತಿರುವಾಗ ಅವರ ಗೇಟಿನ ಮುಂದೆ ನಿಂತಿದ್ದೆ. ರಾತ್ರಿ ಮಳೆ ಬಂದಿರಲಿಲ್ಲ. ಶೆಡ್ಡಿನಿಂದ ರೊಟ್ಟಿ ತಟ್ಟುವ ಸದ್ದು.

"ಅರೆ, ಡಾಕ್ಟ್ರು ಇವತ್ತ ಪೇಶೆಂಟ್ ಸಾಯೂಕಿಂತ ಮೊದಲ ಬಂದಾರ!"

"ಯಜಮಾನ್ರೇ, ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ. ದಿನಾ ಬೆಳಿಗ್ಗೆ ಏನೇನು ಮಾಡ್ತೀರೋ ಅದನ್ನೇ ಮಾಡಿ. ಒಂದೂ ಬಿಡಬೇಡಿ, ಒಂದೂ ಸೇರಿಸಬೇಡಿ."

"ಮತ್ತ ಕಂಬಳಿ ಯಾಕ್ರಿ? ಮಲಗೂ ವಿಚಾರ ಐತೇನು?"

ಅವರು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡಿದರು, ರೇಡಿಯೇಟರಿಗೆ ಒಂದು ಚೆಂಬು ನೀರು ಹಾಕಿದರು. ನೀರು ಎಲ್ಲೂ ಚೆಲ್ಲಲಿಲ್ಲ. ನಾನು ಅದನ್ನೇ ಕಾಯುತ್ತಿದ್ದೆ, ನಿರಾಸೆಯಾಯಿತು. ಹಿಂದಿನ ಬಾಗಿಲು ತೆಗೆದು ರೊಟ್ಟಿಯ ಬುಟ್ಟಿಗಳನ್ನು ಜೋಡಿಸಿದರು. ಆಮೇಲೆ ಅಕ್ಕ ಬಂದರು. ಸ್ನಾನ ಮಾಡಿ ಹಣೆಗೆ ವಿಭೂತಿ ಧರಿಸಿದ್ದರು. ಕೈಯಲ್ಲಿ ಸ್ಟೀಲ್ ತಟ್ಟೆ, ಅದರಲ್ಲಿ ನೀರಲ್ಲಿ ತೇಯ್ದ ವಿಭೂತಿಯ ಬಟ್ಟಲು, ಕುಂಕುಮ, ಊದಿನಕಡ್ಡಿ. ಬಾನೆಟ್ಟಿನ ಮುಂಭಾಗಕ್ಕೆ ಹಚ್ಚಿದರು. ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗಿಗೆ ಹಚ್ಚಿದರು. ಮತ್ತೆ ಮುಂದೆ ಬಂದು ಇಂಜಿನ್ನಿನ ಮೇಲೆ ಬಾಗಿ, ಮೂರು ಬೆರಳಲ್ಲಿ ಕಾಯಿಲ್ಲಿನ ತಲೆಗೆ ವಿಭೂತಿ ಎಳೆದು ಕೈ ಮುಗಿದರು. ಅಯ್ಯೋ, ನಾನೂ ಮುಗಿದೆ. ಈ ಹಂತದಲ್ಲಿ ದೇವರ ಸಹಾಯ ಬೇಡ ಅನ್ನುವಷ್ಟು ಕೊಬ್ಬು ನನಗಿರಲಿಲ್ಲ.

ಯಜಮಾನರು ಕೀ ತಿರುಗಿಸಿದರು. ಗೊರಗೊರ. ಇನ್ನೊಮ್ಮೆ. ಗೊರಗೊರಗೊರ.

ಅಕ್ಕನ ಮುಖ ಇಳಿಯಿತು. ಬುಟ್ಟಿಗಳಿಂದ ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. ನನ್ನ ಬಲಗೈ ತಾನಾಗಿಯೇ ಜೇಬಿಗೆ ಹೋಗಿ ಬನಿಯನ್ ಬಟ್ಟೆ ಹುಡುಕಿತು, ಇರಲಿಲ್ಲ.

"ನೋಡ್ಕೋತ ನಿಂತ್ರಿ ಏನ್ರಿ? ಮುಟ್ರಿ ಮಾರಾಯ್ರ!" ಯಜಮಾನರ ದನಿಯಲ್ಲಿ ತಮಾಷೆ ಹೋಗಿತ್ತು.

"ಮುಟ್ಟಲ್ಲ. ಒಂದೇ ನಿಮಿಷ. ನಾನು ಹೇಳಿದಾಗ ಸೆಲ್ಫ್ ಹೊಡೀರಿ."

ಕಂಬಳಿಯನ್ನು ಎತ್ತಿದ ಬಾನೆಟ್ಟಿನ ಮೇಲಿಂದ ಇಳಿಬಿಟ್ಟು, ಹಳೆಯ ಕಾಲದ ಫೋಟೋ ತೆಗೆಯುವವರ ಹಾಗೆ ತಲೆ ಒಳಗೆ ತೂರಿಸಿದೆ. ಕಿಡಿ ಹುಟ್ಟುತ್ತಲೇ ಇಲ್ಲವಾದರೆ ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ. ಹುಟ್ಟಿ ದಾರಿ ತಪ್ಪುತ್ತಿದ್ದರೆ ಕತ್ತಲೆಯಲ್ಲಿ ಕಾಣಲೇಬೇಕು. ಕಣ್ಣು ಹೊಂದಿಕೊಳ್ಳಲಿ ಅಂತ ಸ್ವಲ್ಪ ಹೊತ್ತು ಬಿಟ್ಟೆ. ಪೆಟ್ರೋಲಿನ ವಾಸನೆ, ಕಂಬಳಿಯ ನುಸಿಗುಳಿಗೆ ವಾಸನೆ, ಊದಿನಕಡ್ಡಿ.

"ಹೊಡೀರಿ!"

ಕಾಯಿಲ್ಲಿನ ನೆತ್ತಿಯಲ್ಲಿ ಒಂದು ಕೊಂಬಿನಂಥದ್ದಿರುತ್ತದೆ. ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ವೈರು ಅಲ್ಲಿಂದಲೇ ಹೊರಡುತ್ತದೆ, ಮೇಲೊಂದು ರಬ್ಬರ್ ಟೊಪ್ಪಿಗೆ. ಆ ಟೊಪ್ಪಿಗೆಯ ಅಂಚಿನ ಕೆಳಗಿಂದ ದಾರದಷ್ಟು ತೆಳ್ಳಗಿನ ನೀಲಿ ಬೆಳಕು ಇಣುಕಿತು. ಕೊಂಬಿನ ಮೈಮೇಲೆ ಇಳಿದು, ಹಸಿ ವಿಭೂತಿಯ ಗೆರೆ ಹಿಡಿದು ಸರಸರನೆ ಹರಿದು, ಪಕ್ಕದ ಪುಟ್ಟ ಟರ್ಮಿನಲ್ಲಿಗೆ ಹೋಗಿ ಸೇರಿತು. ಸೆಲ್ಫ್ ತಿರುಗಿದಷ್ಟೂ ಹೊತ್ತು ಮತ್ತೆ ಮತ್ತೆ ಅದೇ ದಾರಿ. ಕಿಡಿ ಹುಟ್ಟುತ್ತಿತ್ತು, ಚೆನ್ನಾಗಿಯೇ ಹುಟ್ಟುತ್ತಿತ್ತು. ಪ್ಲಗ್ಗಿಗೆ ಹೋಗುವ ಉದ್ದದ ದಾರಿ ಬಿಟ್ಟು ಹತ್ತಿರದ ಒದ್ದೆ ದಾರಿ ಹಿಡಿಯುತ್ತಿತ್ತು. ಬಿಸಿಲೇರಿ ಒಣಗಿದ ಮೇಲೆ, ಅಥವಾ ಹಿಟ್ಟು ಅಂದುಕೊಂಡು ನಾನು ಒರೆಸಿದ ಮೇಲೆ, ಆ ದಾರಿ ಮುಚ್ಚುತ್ತಿತ್ತು.

ಕಂಬಳಿಯಿಂದ ತಲೆ ಹೊರಗೆ ತೆಗೆದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಸಿಕ್ಕಿತು ಅಂತ ಕೂಗಬೇಕು ಅನ್ನಿಸಿತ್ತು. ಅಷ್ಟರಲ್ಲಿ ಅಕ್ಕನ ಕೈಯಲ್ಲಿದ್ದ ತಟ್ಟೆ ಕಣ್ಣಿಗೆ ಬಿತ್ತು. ಇದನ್ನು ಹೇಗೆ ಹೇಳುವುದು ಎಂಬ ಹೊಸ ಚಿಂತೆ.

"ಅಕ್ಕ, ಇದಕ್ಕೆ ಯಾವತ್ತಿಂದ ಹಚ್ತಾ ಇದೀರಿ? ಕಾಯಿಲ್ಲಿಗೆ?"

"ನೀವು ಹೊಸಾದು ಹಾಕಿದ ಮರುದಿನದಿಂದ್ರಿ. ಗಾಡಿ ಹೊರಡದ ಐತವಾರ ಒಂದ ಬಿಟ್ಟು. ಮೊದಲ ಬರೇ ಮುಂದ, ಸ್ಟೇರಿಂಗಿಗೆ ಹಚ್ತಿದ್ದೆ. ಅವತ್ತ ಇದನ್ನ ಹಾಕಿದ ಕೂಡ್ಲೇ ಗಾಡಿಗೆ ಜೀವಾ ಬಂತಲ್ರಿ, ಹಂಗಾರ ಇದರ ಜೀವಾ ಇದರಾಗ ಐತಿ ಅಂತ..." ನನ್ನ ಮುಖ ನೋಡಿ ನಿಲ್ಲಿಸಿದರು. "ಅಂದ್ರ ಇಷ್ಟು ದಿನಾ ನಾನ ಬಂದ್ ಮಾಡಾಕತ್ತಿದ್ನೇನ್ರಿ?"

"ನೀವಲ್ಲ ಅಕ್ಕ, ನೀರು. ಕರೆಂಟು ಒದ್ದೆ ಕಂಡ್ರೆ ಆ ಕಡೆ ಓಡತ್ತೆ. ಅದರ ಜೀವ ಇದರಲ್ಲೇ ಇರೋದು, ನೀವು ತಿಳ್ಕೊಂಡಿದ್ದು ಸರಿಯೇ. ಜಾಗ ಮಾತ್ರ ಒಂದು ಗೇಣು ಆಚೆ ಆಗಬೇಕು."

ಯಜಮಾನರು ಕೀ ಬಿಟ್ಟು ಇಳಿದು ಬಂದಿದ್ದರು. ಹೆಂಡತಿಯನ್ನು ನೋಡಿದರು, ಕಾಯಿಲ್ ನೋಡಿದರು, ನನ್ನನ್ನು ನೋಡಿದರು. "ಅಲ್ರಿ ಡಾಕ್ಟ್ರೇ, ಆಕಿ ದಿನಾ ಮುಂಜಾನೆ ಹಚ್ಚೂದು, ನೀವು ಬಂದು ಒರಸೂದು. ನಡುವ ನಾ ಹುಚ್ಚರ ಗತೆ ಆಟೋ ಹುಡುಕೂದು!"

ಅಕ್ಕ ಸೆರಗಿನ ತುದಿ ಹಿಡಿದು ಕಾಯಿಲ್ ಒರೆಸಲು ಬಾಗಿದರು. ಬ್ಯಾಟರಿಯ ವೈರು ಬಿಚ್ಚುವ ತನಕ ನಾನು ತಡೆದೆ. ಆಮೇಲೆ ಅವರೇ ಒರೆಸಿದರು, ಮೆತ್ತಗೆ, ಮಗುವಿನ ಮುಖ ಒರೆಸಿದ ಹಾಗೆ. ಕೆಳಗೆ, ಕೊಂಬಿನ ಬುಡದಲ್ಲಿ, ಪೆನ್ಸಿಲ್ ಗೀಚಿದಂಥ ತೆಳು ಕರಿಗೆರೆ ಬಿದ್ದಿತ್ತು. ಇನ್ನೊಂದಷ್ಟು ದಿನ ಹೀಗೇ ಹರಿದಿದ್ದರೆ ಅದು ಗಟ್ಟಿಯಾಗಿ, ಒಣಗಿದರೂ ಒರೆಸಿದರೂ ಕಿಡಿ ಅಲ್ಲೇ ಇಳಿಯುತ್ತಿತ್ತು. ಉಪ್ಪುಕಾಗದದಲ್ಲಿ ತಿಕ್ಕಿ ತೆಗೆದೆ. ರಬ್ಬರ್ ಟೊಪ್ಪಿಗೆಯೂ ಸಡಿಲವಾಗಿತ್ತು. ಅದು ಹಳೆಯ ವೈರಿನದು. ಅದೊಂದನ್ನು ಬಿಟ್ಟು ನಾನು ಉಳಿದೆಲ್ಲ ಬದಲಿಸಿದ್ದೆ. ಸದ್ಯಕ್ಕೆ ಇನ್ಸುಲೇಷನ್ ಟೇಪು ಸುತ್ತಿದೆ. ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿ, ಯಜಮಾನರು ಸೀಟಿಗೆ ಹತ್ತಿದ ಮೇಲೆ "ಹೊಡೀರಿ" ಅಂದೆ.

ಅರ್ಧ ಸುತ್ತಿಗೇ ಎದ್ದಿತು.

ಅಕ್ಕ ತಟ್ಟೆ ಹಿಡಿದು ಹಾಗೇ ನಿಂತಿದ್ದರು. ಇಂಜಿನ್ನಿನ ಇನ್ನೊಂದು ಬದಿಯಲ್ಲಿ ಏರ್ ಫಿಲ್ಟರಿನ ಮುಚ್ಚಳ ತೋರಿಸಿದೆ, ಊಟದ ತಟ್ಟೆಯಷ್ಟು ಅಗಲದ ತಗಡು. "ಇದು ಉಸಿರಾಡೋ ಜಾಗ ಅಕ್ಕ. ಇಲ್ಲಿ ಎಷ್ಟು ಹಚ್ಚಿದ್ರೂ ತೊಂದ್ರೆ ಇಲ್ಲ." ಅವರು ನನ್ನನ್ನು ಒಮ್ಮೆ ಅನುಮಾನದಿಂದ ನೋಡಿ, ಮೂರು ಬೆರಳು ಅದ್ದಿ, ಉದ್ದಕ್ಕೆ ಎಳೆದರು. ಯಜಮಾನರು ಸೀಟಿನಿಂದಲೇ, "ಈಗ ನೋಡ್ರಿ, ಹಣಿ ಅಂದ್ರ ಇದು!" ಎಂದು ಕೂಗಿ, ನಾನು ಬಾನೆಟ್ ಇಳಿಸಿದ ಕೂಡಲೇ ಗಾಡಿ ತಿರುಗಿಸಿದರು.

ಅಕ್ಕ ಕೊಟ್ಟ ಚಹಾ ಹಿಡಿದು ಗೇಟಿನ ಹತ್ತಿರವೇ ಕೂತೆ. ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಗಾಡಿ ಆಫ್ ಆದರೆ? ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ ಬಿಟಿಎಂ ತನಕ ಹಿಂದೆ ಬಂದಿದ್ದರೆ? ಇಡೀ ಲೋಟ ಮುಗಿಯುವವರೆಗೂ ಇದೇ. ಅಕ್ಕನೂ ಶೆಡ್ಡಿನ ಒಳಗೆ ಹೋಗದೆ ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ನನ್ನ ಫೋನು ಬಡಿದುಕೊಂಡಿತು. ಯಜಮಾನರ ದನಿಯ ಹಿಂದೆ ಹುಡುಗರ ಗದ್ದಲ, ಡಬ್ಬಿಗಳ ಸದ್ದು.

"ಮುಟ್ಟಿದ್ವಿ ಡಾಕ್ಟ್ರೇ, ಹೊತ್ತಿಗೆ ಮುಂಚೇನ ಮುಟ್ಟಿದ್ವಿ. ಹುಡುಗ್ರು ಬುಟ್ಟಿ ಇಳಿಸ್ಕೊಳ್ಳಾಕ ಹತ್ಯಾರ. ಆಕಿಗೆ ಹೇಳ್ರಿ, ನಾಳೆನೂ ಇಷ್ಟ ರೊಟ್ಟಿ ಅಂತ." ಅಕ್ಕನಿಗೆ ಕೇಳಿಸಿತ್ತು; ಅವರು ಆಗಲೇ ಒಳಗೆ ತಿರುಗಿ ಇನ್ನೊಂದು ಒಲೆ ಹಚ್ಚಲು ಹೇಳುತ್ತಿದ್ದರು. ಯಜಮಾನರು ದನಿ ತಗ್ಗಿಸಿದರು. "ಇಲ್ಲೆ ಮ್ಯಾನೇಜರ್ ಕೇಳಾಕತ್ತಾರ, ಇಷ್ಟು ದಿನಾ ಗಾಡಿಗೆ ಏನಾಗಿತ್ತು ಅಂತ. ಏನಂತ ಹೇಳ್ಲಿ?"

"ಒಂದು ಬೊಟ್ಟು ಹಸಿ ವಿಭೂತಿ ಅನ್ನಿ," ಅಂದೆ.